ಕೊಂಬಿಲ್ಲದ ಆಂಪ್ಲಿಫೈಯರ್

ಫೆಬ್ರವರಿ 4

ಪ್ರೀತಿಯ ಮಾವ,

ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನೀನು "ಲೈನ್ ಸರಿ ಇಲ್ಲ ಕಣೇ, ಏನಿದ್ರೂ ಕಾಗದ ಬರಿ" ಎಂದು ಇಟ್ಟುಬಿಟ್ಟೆ. ಆಯಿತು, ಬರೆಯುತ್ತಿದ್ದೇನೆ. ನಲವತ್ತೆರಡು ವರ್ಷದ ಹೆಂಗಸು ಅಂಚೆಚೀಟಿ ಎಲ್ಲಿ ಸಿಗುತ್ತದೆ ಎಂದು ಊರೆಲ್ಲ ವಿಚಾರಿಸುವ ಹಾಗೆ ಮಾಡಿದ ಪುಣ್ಯ ನಿನ್ನದು.

ವಿಷಯ ಇಷ್ಟು. ನನ್ನ ಕನ್ನಡಕದ ಅಂಗಡಿಗೆ ಒಬ್ಬ ಗಣಿತದ ಮೇಷ್ಟ್ರು ಬರುತ್ತಾರೆ. ಶಾಲೆ ಬಿಟ್ಟ ಮೇಲೆ ಅವರು ತಮಗಿಂತ ಎತ್ತರದ ಬಾಸ್ ವಾದ್ಯ ನುಡಿಸುತ್ತಾರೆ. ಬೇಕರಿಯವನೊಬ್ಬ ಅವರ ಜೊತೆ ಡ್ರಮ್ಸ್ ನುಡಿಸುತ್ತಾನೆ. ಪುಸ್ತಕದಂಗಡಿಯ ಮಹಡಿಯಲ್ಲಿ ಭಾನುವಾರ ಸಂಜೆ ನಾಲ್ಕಕ್ಕೆ ಇಬ್ಬರೂ ಜಾಝ್ ನುಡಿಸುತ್ತಾರೆ. ಅವರ ಗಿಟಾರಿನವನು ಊರು ಬಿಟ್ಟ. ಲೆನ್ಸ್ ಉಜ್ಜುತ್ತಾ ನಾನೇನೋ ಗುನುಗುತ್ತಿದ್ದುದನ್ನು ಮೇಷ್ಟ್ರು ಕೇಳಿಸಿಕೊಂಡು, ಗಿಟಾರ್ ನುಡಿಸುತ್ತೀರಾ ಎಂದರು. ಹೌದು ಎಂದುಬಿಟ್ಟೆ. ಇಪ್ಪತ್ತು ವರ್ಷ ಮಂಚದ ತುದಿಯಲ್ಲಿ ಕೂತು ಒಬ್ಬಳೇ ನುಡಿಸಿದವಳನ್ನು ಮೊದಲ ಸಲ ಯಾರೋ ಬಾ ಎಂದು ಕರೆದಿದ್ದಾರೆ. ಈ ಜಾಗ ನನಗೆ ಬೇಕು ಮಾವ. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ, ಬೇಕೇ ಬೇಕು.

ಹೋಗಿ ನುಡಿಸಿದೆ. ಮೇಷ್ಟ್ರು ತಲೆ ಆಡಿಸಿದರು. ಆಮೇಲೆ ನನ್ನ ಪುಟ್ಟ ಆಂಪ್ಲಿಫೈಯರನ್ನು ನೋಡಿ, "ಬೆರಳು ಚೆನ್ನಾಗಿದೆ. ಈ ಡಬ್ಬಿ ಮಾತ್ರ ಬೇಡಮ್ಮ" ಎಂದರು. ಡ್ರಮ್ಸ್ ಜೊತೆ ಸ್ವಲ್ಪ ಜೋರು ಮಾಡಿದರೆ ಸಾಕು, ಅದು ಕೆಮ್ಮಲು ಶುರು ಮಾಡುತ್ತದೆ. ಏಪ್ರಿಲ್ 21ರ ಅಭ್ಯಾಸಕ್ಕೆ ಸರಿಯಾದ ಆಂಪ್ ತಂದರೆ ಜಾಗ ನನ್ನದು. ಇಲ್ಲವಾದರೆ ಒಬ್ಬ ವಕೀಲ ಕಾದಿದ್ದಾನಂತೆ, ಅವನ ಹತ್ತಿರ ಎಲ್ಲ ಇದೆಯಂತೆ.

ನನ್ನ ಹತ್ತಿರ ಇರುವುದು ಒಂದು ತಿಂಗಳ ಸಂಪಾದನೆಯಷ್ಟು, ಅದರ ಮೇಲೆ ಬಿಡಿಗಾಸಿಲ್ಲ. ರೇಡಿಯೋ, ಆಂಪ್ಲಿಫೈಯರ್ ರಿಪೇರಿಯಲ್ಲಿ ನಲವತ್ತು ವರ್ಷ ಸವೆಸಿದವನು ನೀನು. ಹೇಳು, ಕ್ಲೀನ್ ಸದ್ದು ಎಂದರೆ ನಿಜವಾಗಿ ಏನು? ಅದು ಎಲ್ಲಿಂದ ಬರುತ್ತದೆ?

ನಿನ್ನ
ಪಿಟೀಲು

*

ಫೆಬ್ರವರಿ 11

ಚಿರಂಜೀವಿ ಪಿಟೀಲಿಗೆ,

ಆಶೀರ್ವಾದ. ಹುಟ್ಟಿದಾಗ ಮೂರು ತಿಂಗಳು ಒಂದೇ ಸಮನೆ ರಾಗ ಎಳೆದದ್ದಕ್ಕೆ ಆ ಹೆಸರಿಟ್ಟೆ. ಕಾಗದದಲ್ಲೂ ಹಾಗೇ ಎಳೆಯುತ್ತೀಯ. ಪರವಾಗಿಲ್ಲ, ಎಳಿ.

ಕ್ಲೀನ್ ಎಂದರೆ ಉಸಿರು ಮಿಕ್ಕಿರುವುದು. ಮಹಡಿ ಹತ್ತಿ ಬಂದವನನ್ನು ತಕ್ಷಣ ಮಾತಾಡಿಸಿದರೆ ಏದುಸಿರಲ್ಲಿ ಮಾತು ಒಡೆಯುತ್ತದಲ್ಲ, ಚಿಕ್ಕ ಆಂಪ್ ಹಾಗೆ. ನೀನು ತಂತಿಯನ್ನು ಗಟ್ಟಿಯಾಗಿ ಮೀಟಿದೊಡನೆ ಅದರ ಶಕ್ತಿ ಮುಗಿದು ಸದ್ದು ಚೂರಾಗುತ್ತದೆ. ಬೇರೆ ಸಂಗೀತದವರು ಆ ಚೂರನ್ನೇ ಇಷ್ಟಪಟ್ಟು ದುಡ್ಡು ಕೊಟ್ಟು ಕೊಳ್ಳುತ್ತಾರೆ. ನಿಮ್ಮ ಜಾಝಿಗೆ ಅದು ಆಗುವುದಿಲ್ಲ. ನಿನಗೆ ಬೇಕಾದ್ದಕ್ಕಿಂತ ಎರಡು ಪಟ್ಟು ಶಕ್ತಿಯ ಆಂಪ್ ತಗೋ, ಅರ್ಧದಲ್ಲೇ ಇಟ್ಟು ನುಡಿಸು.

ಗಾಜಿನ ವಾಲ್ವಿನ ಹಳೆಯ ಆಂಪ್ ಎಂದು ಯಾರಾದರೂ ಬಾಯಲ್ಲಿ ನೀರೂರಿಸಿದರೆ ಮರುಳಾಗಬೇಡ. ನಿನ್ನ ದುಡ್ಡಿಗೆ ಸಿಗುವ ವಾಲ್ವ್ ಚಿಕ್ಕದಾಗಿರುತ್ತದೆ, ಬೇಗ ಒಡೆಯುತ್ತದೆ. ಟ್ರಾನ್ಸಿಸ್ಟರಿನದೇ ಇರಲಿ, ಕೀಬೋರ್ಡ್ ನುಡಿಸುವವರು ಮಾರಿದ್ದಾದರೂ ಸರಿ. ಸ್ಪೀಕರ್ ಹನ್ನೆರಡು ಇಂಚಿಗೆ ಕಡಿಮೆ ಬೇಡ. ಇನ್ನೊಂದು ಮಾತು, ಇದನ್ನು ಗೋಡೆ ಮೇಲೆ ಬರೆದಿಟ್ಟುಕೋ. ದೊಡ್ಡ ಸ್ಪೀಕರಿನ ಪಕ್ಕ ಚಿಕ್ಕ ಕೊಂಬು ಇರುವ ಪೆಟ್ಟಿಗೆ ಮುಟ್ಟಬೇಡ. ಆ ಕೊಂಬು ಕೀರಲು ಸ್ವರಗಳಿಗೆ. ಗಿಟಾರಿಗೆ ಹಾಕಿದರೆ ಬೆರಳು ಉಜ್ಜಿದ್ದು, ಉಗುರು ತಾಗಿದ್ದು, ತಂತಿ ಮುಲುಗಿದ್ದು ಎಲ್ಲ ಜಗಜ್ಜಾಹೀರು.

ಅಂಗಡಿಗೆ ನಿನ್ನ ಗಿಟಾರನ್ನೇ ಒಯ್ಯಿ. ಅಲ್ಲಿಯವರು ಕೊಟ್ಟದ್ದರಲ್ಲಿ ನುಡಿಸಬೇಡ.

ಇಲ್ಲಿ ಎಲ್ಲ ಮಾಮೂಲು. ಗಿರಾಕಿ ಕಡಿಮೆ. ಈಗಿನ ಸಾಮಾನುಗಳೂ ಗಂಟಲು ಕಟ್ಟಿದವರ ಹಾಗೆ ಗೊರಗೊರ ಅನ್ನುತ್ತವೆ, ರಿಪೇರಿ ಮಾಡುವುದಕ್ಕೇ ಬೇಜಾರು.

ಮಾವ

*

ಫೆಬ್ರವರಿ 20

ಪ್ರೀತಿಯ ಮಾವ,

ಹಳೇ ವಾದ್ಯದ ಅಂಗಡಿಯವರು ನನ್ನನ್ನು ಕಂಡರೆ ಈಗ ಬಾಗಿಲು ಹಾಕಿಕೊಳ್ಳುತ್ತಾರೋ ಏನೋ. ಎರಡು ಗಂಟೆ ಅವರ ಪ್ರಾಣ ತಿಂದಿದ್ದೇನೆ.

ನನ್ನ ದುಡ್ಡಿಗೆ ಎಟುಕುವಂಥವು ಮೂರು ಇದ್ದವು. ಒಂದು, ನೀನು ಹೆದರಿಸಿದ ಚಿಕ್ಕ ವಾಲ್ವಿನದು, ನೋಡಲು ಬಲು ಚೆಂದ. ಇನ್ನೊಂದು ಹೊಸದು, ಮೈತುಂಬ ಗುಂಡಿಗಳು, ಒತ್ತಿದರೆ ಗುಹೆಯಲ್ಲಿ ನುಡಿಸಿದ ಹಾಗೆ, ಬಾವಿಯಲ್ಲಿ ನುಡಿಸಿದ ಹಾಗೆಲ್ಲ ಕೇಳಿಸುತ್ತದೆ. ಕೊನೆಯದು ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಕೀಬೋರ್ಡ್ ಆಂಪ್. ಇಬ್ಬರು ಹಿಡಿದರೂ ಸೊಂಟ ಹೋಗುವಷ್ಟು ಭಾರ, ಸ್ಪೀಕರಿನ ಕಾಗದ ಹರಿದಿದೆ.

ಕಣ್ಣಿಗೆ ಕಂಡರೆ ಮನಸ್ಸು ಚೆಂದದ್ದರ ಕಡೆಗೇ ವಾಲುತ್ತದೆ ಎಂದು ಕಣ್ಣು ಮುಚ್ಚಿ ಕೂತೆ. ನಾವು ಕನ್ನಡಕಕ್ಕೆ ಕಣ್ಣು ನೋಡುವಾಗ ಲೆನ್ಸ್ ಬದಲಿಸಿ "ಇದಾ? ಇದಾ?" ಎಂದು ಕೇಳುತ್ತೇವಲ್ಲ, ಯಾವುದು ಯಾವ ನಂಬರೆಂದು ಹೇಳುವುದಿಲ್ಲ. ಹಾಗೇ ಹೇಳದೆ ವೈರ್ ಬದಲಿಸುತ್ತಾ ಹೋಗಿ ಎಂದೆ. ಅಂಗಡಿಯವರು ಮೊದಲು ನಕ್ಕರು, ಹತ್ತನೇ ಸಲಕ್ಕೆ "ಅಮ್ಮಾ, ನೀವು ಸೀರೆ ಕೊಳ್ಳೋಕೂ ಹೀಗೇನಾ?" ಎಂದರು.

ಪ್ರತಿ ಸಲವೂ ನಾನು ತೋರಿಸಿದ್ದು ಆ ಧೂಳಿನ ಪೆಟ್ಟಿಗೆಯನ್ನೇ. ಹರಿದ ಕಾಗದ ಬರ್ರೆನ್ನುತ್ತಿತ್ತು, ನಿಜ. ಆದರೆ ಅದರ ಹಿಂದೆ ಸ್ವರ ದುಂಡಗೆ ಬಂದು ನಿಲ್ಲುತ್ತಿತ್ತು. ಗಟ್ಟಿಯಾಗಿ ಮೀಟಿದರೂ ಅಲುಗಲಿಲ್ಲ. ಸ್ಪೀಕರ್ ದೊಡ್ಡದಾದರೆ ಸ್ವರ ದುಂಡಗಾಗುವುದು ಯಾಕೆ ಮಾವ? ಮತ್ತೆ ಈ ಹರಕು ಪೆಟ್ಟಿಗೆಗೆ ದುಡ್ಡು ಹಾಕಲಾ, ಬೇಡವಾ?

ಪಿಟೀಲು

*

ಫೆಬ್ರವರಿ 27

ಪಿಟೀಲಿಗೆ,

ಹಾಕು. ಕಣ್ಣು ಮುಚ್ಚಿ ಆರಿಸಿದೆಯಲ್ಲ, ಶಭಾಷ್. ಅಂಗಡಿಯವನಿಗೆ ನನ್ನ ಸಂತಾಪ.

ದೊಡ್ಡ ಸ್ಪೀಕರ್ ಸ್ವಲ್ಪ ಸೋಮಾರಿ. ಕೆಳಗಿನ ಸ್ವರಗಳನ್ನು ಆರಾಮಾಗಿ ಹೊರುತ್ತದೆ, ತೀರಾ ಮೇಲಿನವುಗಳ ಹಿಂದೆ ಓಡುವುದಿಲ್ಲ. ಆ ಸೋಮಾರಿತನವೇ ನಿನಗೆ ದುಂಡಗೆ ಕೇಳುವುದು.

ಪೆಟ್ಟಿಗೆಯನ್ನು ಲಾರಿ ಪಾರ್ಸೆಲ್‌ನಲ್ಲಿ ನನಗೆ ಕಳಿಸು. ಹೊಸ ಸ್ಪೀಕರ್ ನನ್ನ ಹತ್ತಿರ ಇದೆ. ಅಲ್ಲಿ ಯಾರ ಕೈಗೂ ಕೊಡಬೇಡ, ಸ್ಕ್ರೂ ಬಿಚ್ಚಿದವರೆಲ್ಲ ಮೆಕ್ಯಾನಿಕ್ಕಾಗಿರುವ ಕಾಲ ಇದು. ನಾನೇ ಕಿವಿಯಿಟ್ಟು ಕೂತು ಸರಿ ಮಾಡುತ್ತೇನೆ. ನನ್ನ ಸೊಸೆ ನಾಲ್ಕು ಜನರ ಮುಂದೆ ನುಡಿಸುವಾಗ ಅದರಲ್ಲಿ ನನ್ನ ಕೈ ಇರಬೇಕು.

ಮಾವ

*

ಮಾರ್ಚ್ 19

ಪಿಟೀಲಿಗೆ,

ಪೆಟ್ಟಿಗೆ ಇವತ್ತು ಲಾರಿ ಹತ್ತಿತು.

ಹೊಸ ಸ್ಪೀಕರ್ ಕೂರಿಸಿದ್ದೇನೆ. ಆದರೂ ಕಂಬಳಿ ಹೊದ್ದುಕೊಂಡು ಹಾಡಿದ ಹಾಗಿತ್ತು. ಮೇಲಿನ ಸ್ವರ ಏರಿಸುವ ಟ್ರೆಬಲ್ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದರೂ ಅಷ್ಟೇ. ಎರಡು ದಿನ ತಲೆ ಕೆರೆದುಕೊಂಡು ಒಂದು ಕೆಪಾಸಿಟರ್ ಬದಲಿಸಿದೆ. ಅದೂ ಸಾಲದೆಂದು ಪಕ್ಕದಲ್ಲಿ ಒಂದು ಚಿಕ್ಕ ಕೊಂಬನ್ನು ಕೂರಿಸಿದೆ. ಗೊತ್ತು, ನಾನೇ ಬೇಡ ಎಂದಿದ್ದೆ. ಏನು ಮಾಡುವುದು, ಈಗಿನ ಸ್ಪೀಕರ್ ಹಿಂದಿನವುಗಳ ಹಾಗಿಲ್ಲ, ಅದಕ್ಕೆ ತಕ್ಕ ಮದ್ದು ಅರೆಯಬೇಕಾಗುತ್ತದೆ. ಈಗ ಸ್ವರ ಒಂದೊಂದೂ ಬಿಡಿಬಿಡಿಯಾಗಿ ಕೇಳುತ್ತದೆ. ಬಹಳ ದಿನದ ಮೇಲೆ ಒಂದು ಕೆಲಸ ಮನಸ್ಸಿಗೆ ಹಿತವಾಯಿತು.

ಪರೀಕ್ಷೆಗೆ ಗಿಟಾರ್ ಹಾಕಿದಾಗ ನಿನ್ನ ಅತ್ತೆ ಅಡುಗೆಮನೆ ಬಾಗಿಲು ಹಾಕಿಕೊಂಡಳು. ಸಂಗೀತವೆಂದರೆ ಅವಳಿಗೆ ಮೊದಲಿಂದ ಅಷ್ಟಕ್ಕಷ್ಟೇ.

ಹೇಗಿದೆ ಎಂದು ತಕ್ಷಣ ಬರಿ.

ಮಾವ

*

ಮಾರ್ಚ್ 25

ಪ್ರೀತಿಯ ಮಾವ,

ಆಂಪ್ ಬಂತು. ತುಂಬಾ ಚೆನ್ನಾಗಿದೆ. ನಿನ್ನ ಕೈಯೆಂದರೆ ಕೈ. ಅಂಗಡಿಯಲ್ಲಿ ಕೆಲಸ ಜಾಸ್ತಿ, ಉದ್ದ ಬರೆಯಲಾರೆ.

ಪಿಟೀಲು

*

ಏಪ್ರಿಲ್ 1

ಪಿಟೀಲಿಗೆ,

ನೀನು ಇಷ್ಟು ಚಿಕ್ಕ ಕಾಗದ ಬರೆದದ್ದು ಇದೇ ಮೊದಲು. ಖುಷಿಗೆ ಮಾತು ಹೊರಡಲಿಲ್ಲ ಎಂದುಕೊಂಡೆ.

ಒಂದು ಗುಟ್ಟು ಹೇಳುತ್ತೇನೆ, ನಿನ್ನ ಅಮ್ಮನಿಗೆ ದಾಟಿಸಬೇಡ. ಈಚೆಗೆ ಅಂಗಡಿಯಲ್ಲಿ ಸ್ವಲ್ಪ ಮುಜುಗರ ನಡೆದಿತ್ತು. ಮೂವರು ಗಿರಾಕಿಗಳು ಸಾಮಾನು ವಾಪಸ್ ತಂದರು. ಒಬ್ಬನಂತೂ "ಕಿವಿ ಕೊರೀತದೆ ಸ್ವಾಮಿ, ನಿಮಗೆ ಗೊತ್ತಾಗಲ್ವಾ?" ಎಂದು ಹತ್ತು ಜನರ ಮುಂದೆ ಕೇಳಿದ. ನನಗೂ ಒಳಗೊಳಗೇ ಅಳುಕು ಶುರುವಾಗಿತ್ತು, ಕೈ ಏನಾದರೂ ಹೋಯಿತಾ ಎಂದು. ಅಷ್ಟರಲ್ಲಿ ನಿನ್ನ ಕಾಗದ ಬಂತು. ಅದನ್ನು ಮೇಜಿನ ಗಾಜಿನ ಕೆಳಗೆ ಇಟ್ಟಿದ್ದೇನೆ. ಇನ್ನು ಯಾರಾದರೂ ಮೂಗು ಮುರಿದರೆ ಬೆರಳು ತೋರಿಸುತ್ತೇನೆ, ಓದಿಕೊಳ್ಳಲಿ.

ಶಾಲೆಯ ಸಭಾಂಗಣದ ನಾಲ್ಕು ಸ್ಪೀಕರ್ ಪೆಟ್ಟಿಗೆ ರಿಪೇರಿಗೆ ಬಂದಿವೆ. ನಿನ್ನದಕ್ಕೆ ಮಾಡಿದ ಹಾಗೇ ಅವಕ್ಕೂ ಮಾಡುತ್ತಿದ್ದೇನೆ.

ಮಾವ

*

ಏಪ್ರಿಲ್ 6

ಪ್ರೀತಿಯ ಮಾವ,

ಆ ನಾಲ್ಕು ಪೆಟ್ಟಿಗೆಗಳ ಕೆಲಸ ನಿಲ್ಲಿಸು. ಮೊದಲು ಇದನ್ನು ಪೂರ್ತಿ ಓದು.

ನಾನು ಸುಳ್ಳು ಬರೆದೆ. ಆಂಪ್ ಚೆನ್ನಾಗಿಲ್ಲ. ಪ್ಲಗ್ ಹಾಕಿದೊಡನೆ ನುಡಿಸುವ ಮೊದಲೇ ಸ್ಸ್ ಎಂದು ಕುಕ್ಕರಿನ ಹಾಗೆ ಶುರುವಾಗುತ್ತದೆ. ತಂತಿ ಮೀಟಿದರೆ ಹಲ್ಲು ಜುಮ್ಮೆನ್ನುತ್ತದೆ. ಕಳೆದ ಭಾನುವಾರದ ಅಭ್ಯಾಸಕ್ಕೆ ಒಯ್ದೆ. ಎರಡನೇ ಹಾಡಿಗೆ ಬೇಕರಿಯವನು ಕೈಲಿದ್ದ ಕಡ್ಡಿ ಕೆಳಗಿಟ್ಟ. ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಆಮೇಲೆ "ಇಪ್ಪತ್ತೊಂದಕ್ಕೂ ಹೀಗೇ ಇದ್ರೆ ವಕೀಲರಿಗೆ ಹೇಳ್ಬೇಕಾಗತ್ತಮ್ಮ, ಬೇಜಾರು ಮಾಡ್ಕೋಬೇಡಿ" ಎಂದರು. ಬೇಜಾರಾಯಿತು. ಮನೆಗೆ ಬಂದು ಅತ್ತುಬಿಟ್ಟೆ.

ನಿನಗೆ ನೋವಾಗುತ್ತದೆ ಎಂದು ಹಾಗೆ ಬರೆದೆ. ನನ್ನ ಒಂದು ಸಾಲನ್ನು ನಂಬಿ ನೀನು ಇನ್ನೂ ನಾಲ್ಕಕ್ಕೆ ಕೈ ಹಾಕಿದ್ದೀಯ ಎಂದು ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ಆ ಕಾಗದವನ್ನು ಗಾಜಿನ ಕೆಳಗಿಂದ ತೆಗೆದುಬಿಡು.

ಇನ್ನು ಮುಂದಿನದನ್ನು ಹೇಗೆ ಬರೆಯುವುದೋ ತಿಳಿಯುತ್ತಿಲ್ಲ. ನೀನು ನನಗೆ ಬೆಸುಗೆ ಹಾಕುವುದನ್ನು ಕಲಿಸಿದಾಗ, ಸುತ್ತಿ ಬಳಸಬೇಡ, ಬಿಸಿ ಮಾಡಿ ನೇರ ಹಚ್ಚು ಎಂದಿದ್ದೆ. ಹಾಗೇ ಹೇಳುತ್ತೇನೆ.

ನನ್ನ ಅಂಗಡಿಗೆ ಬರುವವರಲ್ಲಿ ಒಬ್ಬರೂ ಕಣ್ಣು ಮಂದವಾಗಿದೆ ಎಂದು ಬರುವುದಿಲ್ಲ. ಪೇಪರಿನವರು ಶಾಯಿ ಕಡಿಮೆ ಹಾಕುತ್ತಿದ್ದಾರೆ ಎನ್ನುತ್ತಾರೆ. ಬಲ್ಬುಗಳು ಹಿಂದಿನ ಹಾಗೆ ಉರಿಯುವುದಿಲ್ಲ ಎನ್ನುತ್ತಾರೆ. ಹದಿನೆಂಟು ವರ್ಷ ಇದನ್ನೇ ಕೇಳಿದ್ದೇನೆ. ಅವರು ಸುಳ್ಳು ಹೇಳುವುದಿಲ್ಲ ಮಾವ, ಅವರಿಗೆ ಹಾಗೇ ಕಾಣುತ್ತದೆ. ನಿನ್ನೆ ನಿನ್ನ ಕಾಗದಗಳನ್ನೆಲ್ಲ ಮುಂದೆ ಹರಡಿಕೊಂಡು ಓದಿದೆ. ಫೋನಿನ ಲೈನ್ ಸರಿ ಇಲ್ಲ. ಈಗಿನ ಸ್ಪೀಕರುಗಳಿಗೆ ಗಂಟಲು ಕಟ್ಟಿದೆ. ಆಂಪ್ ಕಂಬಳಿ ಹೊದ್ದಿದೆ. ಕೊಂಬು ಬೇಡ ಎಂದು ಗೋಡೆ ಮೇಲೆ ಬರೆಸಿದವನು ನೀನೇ ಕೊಂಬು ಹಾಕಿದ್ದೀಯ. ಅತ್ತೆ ಬಾಗಿಲು ಹಾಕಿಕೊಂಡದ್ದು ಸಂಗೀತ ಬೇಡ ಎಂದಲ್ಲ, ಆ ಸದ್ದು ತಡೆಯಲಾರದೆ.

ನಿನ್ನ ಕೈಗೆ ಏನೂ ಆಗಿಲ್ಲ. ಮೇಲಿನ ಸ್ವರಗಳು ನಿನ್ನ ಕಿವಿಗೆ ಬೀಳುತ್ತಿಲ್ಲ ಎಂದು ನನ್ನ ಅನುಮಾನ. ತಪ್ಪಾಗಿದ್ದರೆ ಬೈದು ಬರಿ, ಸಂತೋಷವಾಗಿ ಬೈಸಿಕೊಳ್ಳುತ್ತೇನೆ. ಒಮ್ಮೆ ಪರೀಕ್ಷೆ ಮಾಡಿಸಿಕೋ.

ಪಿಟೀಲು

*

ಏಪ್ರಿಲ್ 15

ನಿನ್ನ ಕಾಗದ ಬಂತು.

ಆಂಪ್ಲಿಫೈಯರಿನ ಪ್ಲಗ್ ತೆಗೆದು ಒಂದು ಇಡೀ ದಿನ ಬಿಡಬೇಕು. ಒಳಗೆ ಉಳಿದ ಕರೆಂಟು ಹೊಡೆಯುತ್ತದೆ. ಹಿಂದಿನ ಹಲಗೆಗೆ ಆರು ಸ್ಕ್ರೂ ಇವೆ. ಕೊಂಬಿಗೆ ಎರಡು ವೈರ್ ಹೋಗುತ್ತವೆ, ಒಂದು ಹಳದಿ, ಒಂದು ಕಪ್ಪು. ಎರಡನ್ನೂ ಬುಡದಲ್ಲಿ ಕತ್ತರಿಸಿ ಬೇರೆ ಬೇರೆಯಾಗಿ ಟೇಪ್ ಸುತ್ತಬೇಕು. ಟ್ರೆಬಲ್ ಗುಂಡಿಯ ಹಿಂದೆ ಮೆಕ್ಕೆಜೋಳದ ಕಾಳಿನಷ್ಟು ದೊಡ್ಡ ಕಿತ್ತಳೆ ಬಣ್ಣದ ಕೆಪಾಸಿಟರ್ ಇದೆ, ನಾನು ಹಾಕಿದ್ದು. ಅದನ್ನು ಬಿಡಿಸಿ, ಇದರೊಂದಿಗೆ ಇಟ್ಟಿರುವ ಹಳೆಯದನ್ನು ಹಾಕಬೇಕು. ಹೊರಗಿನವರಿಗೆ ಕೊಡಬೇಡ. ನಿನಗೆ ಬೆಸುಗೆ ಬರುತ್ತದೆ.

ಶಾಲೆಯ ಪೆಟ್ಟಿಗೆಗಳನ್ನು ಮುಟ್ಟದೆ ವಾಪಸ್ ಕಳಿಸಿದ್ದೇನೆ.

ಇಂತಿ

*

ಏಪ್ರಿಲ್ 22

ಪ್ರೀತಿಯ ಮಾವ,

ನಿನ್ನ ಕಾಗದದಲ್ಲಿ ಪಿಟೀಲು ಎಂಬ ಹೆಸರಿರಲಿಲ್ಲ. ಮಾವ ಎಂದೂ ಇರಲಿಲ್ಲ. ಬೈಗುಳಕ್ಕೆ ತಯಾರಾಗಿ ಕೂತವಳಿಗೆ ಅದೇ ಹೆಚ್ಚು ನಾಟಿತು.

ಹತ್ತೊಂಬತ್ತರ ಮಧ್ಯಾಹ್ನ ಕಾಗದ ಕೈಗೆ ಬಂತು. ಪ್ಲಗ್ ತೆಗೆದು ಇಡೀ ದಿನ ಬಿಟ್ಟೆ, ಆ ಒಂದು ದಿನ ಕಳೆಯುವಷ್ಟರಲ್ಲಿ ಉಗುರೆಲ್ಲ ಕಚ್ಚಿಕೊಂಡೆ. ಶನಿವಾರ ಲೆನ್ಸ್ ಸಾಣೆ ಹಿಡಿಯುವ ಮೇಜಿನ ಮೇಲೆ ಪೆಟ್ಟಿಗೆ ಮಲಗಿಸಿ ಹಲಗೆ ಬಿಚ್ಚಿದೆ. ಒಳಗೆ ನಿನ್ನ ಕೆಲಸ ನೋಡಿದೆ ಮಾವ. ವೈರುಗಳನ್ನು ಜಡೆ ಹೆಣೆದ ಹಾಗೆ ಕಟ್ಟಿದ್ದೀಯ. ಬೆಸುಗೆಯ ಒಂದೊಂದು ಚುಕ್ಕೆಯೂ ಹೊಳೆಯುತ್ತಿತ್ತು. ಅದನ್ನು ಕತ್ತರಿಸಲು ಕತ್ತರಿ ಹಿಡಿದು ಐದು ನಿಮಿಷ ಸುಮ್ಮನೆ ಕೂತಿದ್ದೆ.

ಕತ್ತರಿಸಿದೆ. ಕೆಪಾಸಿಟರ್ ಬದಲಿಸಿದೆ, ಹೆಬ್ಬೆರಳು ಸುಟ್ಟುಕೊಂಡೆ. ಪ್ಲಗ್ ಹಾಕಿದರೆ ಸದ್ದೇ ಇಲ್ಲ, ಎಲ್ಲ ಹಾಳು ಮಾಡಿದೆ ಎಂದುಕೊಂಡೆ. ಆಮೇಲೆ ತಿಳಿಯಿತು, ಆ ಸ್ಸ್ ಹೋಗಿತ್ತು ಅಷ್ಟೇ. ಒಂದು ತಂತಿ ಮೀಟಿದೆ. ಸ್ವರ ಕೋಣೆಯ ನಡುವೆ ಬಂದು ನಿಂತಿತು, ಯಾವ ಅವಸರವೂ ಇಲ್ಲದೆ ಹೊರಟುಹೋಯಿತು. ಕ್ಲೀನ್ ಎಂದರೆ ಏನು ಎಂದು ನಿನ್ನನ್ನು ಕೇಳಿದ್ದೆನಲ್ಲ, ಅದು ನನಗೆ ತಿಳಿದದ್ದು ಆಗ.

ನಿನ್ನೆ ಅಭ್ಯಾಸವಾಯಿತು. ಮೂರು ಹಾಡು ಮುಗಿದರೂ ಮೇಷ್ಟ್ರು ಏನೂ ಹೇಳಲಿಲ್ಲ. ನಾನೇ ತಡೆಯಲಾರದೆ ಕೇಳಿದೆ. "ನಾಲ್ಕನೇ ಹಾಡು ಯಾವುದು ಅಂತ ಯೋಚಿಸ್ತಿದ್ದೆ ಕಣಮ್ಮ, ಇನ್ನೇನು ಹೇಳ್ಲಿ" ಎಂದರು. ಬೇಕರಿಯವನು ಉಳಿದ ಬನ್ನು ಕಟ್ಟಿಕೊಟ್ಟ. ಜಾಗ ನನ್ನದಾಯಿತು. ಇಪ್ಪತ್ತೆಂಟರ ಭಾನುವಾರ ನಾಲ್ಕಕ್ಕೆ ಮೊದಲ ಸಲ ಜನರ ಮುಂದೆ.

ಅದರಲ್ಲಿ ನಿನ್ನ ಕೈ ಇದೆ. ಬರುತ್ತೀಯಾ ಎಂದು ಕೇಳಲು ಧೈರ್ಯವಿಲ್ಲ. ಕೋಪ ಇದ್ದರೆ ಇರಲಿ, ಒಂದು ಸಾಲು ಬರಿ.

ಪಿಟೀಲು

*

ಮೇ 2

ಚಿರಂಜೀವಿ ಪಿಟೀಲಿಗೆ,

ಕೋಪವಿತ್ತು. ಸುಳ್ಳು ಹೇಳಲಾರೆ. ನಿನ್ನ ಕಾಗದ ಓದಿ ಎರಡು ದಿನ ಅಂಗಡಿ ತೆಗೆಯಲಿಲ್ಲ. ನನ್ನ ತೊಡೆ ಮೇಲೆ ಕೂತು ಬೆಸುಗೆ ಕಲಿತವಳು ನನ್ನ ಕಿವಿಗೇ ಕೈ ಹಾಕಿದಳಲ್ಲ ಎಂದು. ಮೂರನೇ ದಿನ ಒಂದು ಕೆಲಸ ಮಾಡಿದೆ. ಸದ್ದು ಅಳೆಯುವ ಮೀಟರ್ ನನ್ನ ಹತ್ತಿರವೇ ಇದೆಯಲ್ಲ, ಅದನ್ನು ಹಚ್ಚಿ, ಒಂದು ಸ್ವರ ಹಾಕಿ ನಿಧಾನಕ್ಕೆ ಮೇಲೇರಿಸುತ್ತಾ ಹೋದೆ. ಒಂದು ಹಂತದಲ್ಲಿ ಸ್ವರ ನಿಂತಿತು. ಮೀಟರಿನ ಮುಳ್ಳು ಮಾತ್ರ ಕುಣಿಯುತ್ತಲೇ ಇತ್ತು. ಮುಳ್ಳನ್ನು ನೋಡುತ್ತಾ ಕೂತೆ. ನಲವತ್ತು ವರ್ಷ ಜನರಿಗೆ ಹೇಳಿಕೊಂಡು ಬಂದವನು ನಾನೇ, ಮೀಟರ್ ಸುಳ್ಳು ಹೇಳುವುದಿಲ್ಲ ಎಂದು.

ಡಾಕ್ಟರ ಹತ್ತಿರ ಹೋದೆ. ನಿನ್ನ ಅನುಮಾನ ಸರಿ. ಈಗ ಎರಡೂ ಕಿವಿಯ ಹಿಂದೆ ಪುಟ್ಟ ಯಂತ್ರಗಳು ಕೂತಿವೆ. ಮನೆಗೆ ಬಂದು ನಿನ್ನ ಅತ್ತೆಗೆ ತೋರಿಸಿದೆ. ಅವಳು ಏನೋ ಅಂದಳು, ಮೆಲ್ಲಗೆ, ಒಲೆಯ ಕಡೆ ತಿರುಗಿಕೊಂಡೇ. ನನಗೆ ಕೇಳಿಸಿತು. "ಎರಡು ವರ್ಷ ಒಂದೇ ಮಾತನ್ನ ಮೂರ್ಮೂರು ಸಲ ಹೇಳಿ ಸಾಕಾಗಿತ್ತು. ನನ್ನ ಮಾತು ನಿಮಗೆ ಬೇಡ ಅಂತ ಬಿಟ್ಬಿಟ್ಟಿದ್ದೆ" ಎಂದಳು. ನಾನೋ, ಅವಳೇ ಮೌನ ಹಿಡಿದಿದ್ದಾಳೆ ಎಂದುಕೊಂಡಿದ್ದೆ. ಮುದುಕರಿಬ್ಬರೂ ಅಡುಗೆಮನೆಯಲ್ಲಿ ನಿಂತು ಅತ್ತೆವು. ಇದನ್ನು ನಿನ್ನ ಅಮ್ಮನಿಗೆ ದಾಟಿಸಬಹುದು.

ಭಾನುವಾರ ನಾವಿಬ್ಬರೂ ಬಂದಿದ್ದೆವು. ನಿನಗೆ ಕಾಣಬಾರದೆಂದು ಭೂಪಟಗಳ ಕಪಾಟಿನ ಹಿಂದೆ ಕೂತಿದ್ದೆವು. ಯಂತ್ರ ಹೊಸದು, ಜನರ ನಡುವೆ ಅದು ಹೇಗೆ ವರ್ತಿಸುತ್ತದೋ ಎಂಬ ಭಯ. ಕೇಳಿಸದಿದ್ದರೆ ನಿನ್ನ ಮುಖ ನೋಡಿ ಚೆನ್ನಾಗಿತ್ತು ಎಂದು ಸುಳ್ಳು ಹೇಳಬೇಕಾಗುತ್ತಿತ್ತು, ಅದು ನಮ್ಮಿಬ್ಬರ ನಡುವೆ ಇನ್ನು ಬೇಡ. ಮುಗಿದೊಡನೆ ಕೊನೇ ಬಸ್ಸಿಗೆ ಓಡಿದೆವು. ಅತ್ತೆ ದಾರಿಯುದ್ದಕ್ಕೂ ಬೈದಳು, ಮಾತಾಡಿಸದೆ ಬಂದದ್ದಕ್ಕೆ. ಒಂದಕ್ಷರ ಬಿಡದೆ ಬೈಸಿಕೊಂಡೆ.

ಮೊದಲಿಗೆ ಬರೀ ಕುರ್ಚಿ ಕಿರ್ರೆನ್ನುವುದು, ಯಾರೋ ಪುಟ ತಿರುಗಿಸುವುದು, ಇವೇ ಕೇಳಿ ತಲೆ ಚಿಟ್ಟು ಹಿಡಿಯಿತು. ಆಮೇಲೆ ನೀನು ಶುರು ಮಾಡಿದೆ. ದುಂಡಗೆ ಬಂತು ಕಣೇ. ಒಂದು ಸ್ವರ ಪೂರ್ತಿ ಆರುವ ತನಕ ಕೇಳಿಸಿತು, ಅದರ ತುದಿಯ ತನಕ. ಪಕ್ಕದಲ್ಲಿ ಅತ್ತೆ ಇದ್ದಳು, ಹಾಗಾಗಿ ಕಣ್ಣು ಒರೆಸಿಕೊಳ್ಳದೆ ಹಾಗೇ ಬಿಟ್ಟೆ.

ಒಂದು ಮಾತು ಹೇಳಬೇಕು. ಮೂರನೇ ಹಾಡಿನಲ್ಲಿ ನಿನ್ನ ಎರಡನೇ ತಂತಿ ಕೂದಲೆಳೆಯಷ್ಟು ಇಳಿದಿತ್ತು. ನಿನಗೂ ಗೊತ್ತಾಗಿಲ್ಲ, ನಿನ್ನ ಮೇಷ್ಟ್ರಿಗೂ ಗೊತ್ತಾಗಿಲ್ಲ. ಆ ಇಡೀ ಮಹಡಿಯಲ್ಲಿ ಅದು ಗೊತ್ತಾದದ್ದು ನನಗೊಬ್ಬನಿಗೆ.

ಮಾವ